ಪನಿ ಬಂದ ಗಾಡಿ
ತಂಪಾನೂರ್ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್‌ಸೈಕಲ್ ರಿಪೇರಿ ಮಾಡುವ ಸುಕುಮಾರನ್ ಆಶಾನ್ ಎಂಥ ಗಾಡಿ ಬಂದರೂ ಮೊದಲು ಕೇಳುವುದು ಒಂದೇ ಮಾತು: "ಪುರಕಿಲ್ ಆರಾ ಸಾರೇ?" ಹಿಂದೆ ಕೂರುವವರು ಯಾರೆಂದು ಗೊತ್ತಾಗದೆ ಅವರು ಸ್ಪ್ಯಾನರ್ ಮುಟ್ಟುವವರಲ್ಲ. ವಿಳಿಂಜಂನ ಮೀನಿನವನ ಗಾಡಿಯಾದರೆ ತುಂಬಿದ ಬುಟ್ಟಿಯನ್ನೇ ಕಟ್ಟಿಸಿ ಓಡಿಸಿ ನೋಡುತ್ತಾರೆ. ದಪ್ಪ ಅತ್ತೆಯನ್ನು ಕೂರಿಸಿಕೊಂಡು ಓಡಾಡುವ ಅಳಿಯನಾದರೆ ಎರಡು ಮೂಟೆ ಸಿಮೆಂಟು ಹೇರಿಸುತ್ತಾರೆ. ರಾಕೆಟ್ಟುಗಳ ನಡುಕವನ್ನು ಲೆಕ್ಕ ಹಾಕುವ ಮೈಸೂರಿನ ಎಂಜಿನಿಯರ್ ಹಯವದನ, ತನ್ನದೇ ಬೈಕಿನ ಹ್ಯಾಂಡಲ್ ನಡುಗುವುದೇಕೆಂದು ತಿಳಿಯದೆ, ಎಪ್ಪತ್ತಮೂರನೇ ಇಸವಿಯಲ್ಲಿ ಅವರ ಬಳಿ ಬಂದ. ಗಾಡಿಗೆ ಕೆಲಸವಿದೆ ಎನ್ನಲು ಮಲಯಾಳದಲ್ಲಿ 'ಪಣಿ' ಎನ್ನಬೇಕಿತ್ತು. ಈತ "ವಂಡಿಕ್ಕ್ ಪನಿಯುಂಡ್" ಎಂದು ಅದಕ್ಕೆ ಜ್ವರವನ್ನೇ ಬರಿಸಿಬಿಟ್ಟ. ಆಶಾನ್ ನಗಲಿಲ್ಲ. ಹಣೆ ಮುಟ್ಟಿ ನೋಡುವ ಹಾಗೆ ಹೆಡ್‌ಲೈಟಿನ ಮೇಲೆ ಕೈಯಿಟ್ಟು, ಅದೇ ಪ್ರಶ್ನೆ ಕೇಳಿದರು. "ಭಾರ್ಯ. ಏಳ್ ಮಾಸಂ," ಎಂದು ಹಯವದನ ಹೊಟ್ಟೆಯ ಮುಂದೆ ಕೈ ಬಳಸಿ ತೋರಿಸಿದ. ಅಂದು ಆಶಾನ್ ಮೂಟೆ ತರಿಸಲಿಲ್ಲ. ಮುಂಡು ಸರಿಪಡಿಸಿಕೊಂಡು, ಟೂಲ್ ಡಬ್ಬಿಯನ್ನು ಹೊಟ್ಟೆಗೆ ತಬ್ಬಿ, ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು, ಆ ಗಿರಿಜಾ ಮೀಸೆಯ ಮನುಷ್ಯ ತಾವೇ ಹಿಂದೆ ಕೂತರು. ಬಸ್‌ಸ್ಟ್ಯಾಂಡಿಗೆ ಒಂದು ಸುತ್ತು ಬರುವಷ್ಟರಲ್ಲಿ ಕಂಡಕ್ಟರುಗಳು ಸಿಳ್ಳೆ ಹಾಕಿದರು, ಹ್ಯಾಂಡಲ್ ನಡುಗಿತು. ಆಶಾನ್ ಇಳಿದು, ಹ್ಯಾಂಡಲ್ ಬುಡದ ಸವೆದ ಬೇರಿಂಗು ಬದಲಿಸಿ, ಮತ್ತೆ ಹಾಗೆಯೇ ಕೂತು ಇನ್ನೊಂದು ಸುತ್ತು ಹೊರಡಿಸಿದರು. ಅರ್ಧ ದಾರಿಯಲ್ಲಿ ಹೇಳಿದರು: "ಇನಿ ಕೈ ವಿಡ್ ಸಾರೇ." ಹಯವದನ ಹ್ಯಾಂಡಲ್ ಬಿಟ್ಟ. ಗಾಡಿ ನೆಟ್ಟಗೆ ಹೋಯಿತು. ಬಿಟ್ಟ ಕೈಗಳೆರಡೂ ತಾವಾಗಿಯೇ ಮುಗಿದುಕೊಂಡವು.