ಶಿವರಾತ್ರಿಗೆ ಮುಂಚೆ ಕುಟ್ಟಿದ ಚಿಗಳಿ

ಆಗ ನನಗೆ ಇಪ್ಪತ್ತೇಳು. ಈಗ ಎಂಬತ್ತೊಂಬತ್ತು. ಅರವತ್ತೆರಡು ವರ್ಷದ ಹಿಂದಿನ ಮಾತು. ಲೆಕ್ಕ ತಪ್ಪಿದ್ದರೆ ಒಂದು ವರ್ಷ ಅತ್ತಿತ್ತ, ಅದಕ್ಕಿಂತ ಹೆಚ್ಚಿಲ್ಲ.

ಯಲಹಂಕದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ನೀರು ಸೇದುವವಳು. ಗಂಡ ಸತ್ತು ಎರಡು ವರ್ಷವಾಗಿತ್ತು. ಹಿಂದಿನ ಬಾವಿಯಿಂದ ಸೇದಿ ಎಂಟು ಗುಡಾಣ ತುಂಬಬೇಕು, ಕೋಣೆಗಳನ್ನು ಗುಡಿಸಬೇಕು, ಸಾಯಂಕಾಲ ಬೋರ್ಡು ಒರೆಸಬೇಕು. ಮಕ್ಕಳು ನೀರಕ್ಕ ಎನ್ನುತ್ತಿದ್ದರು. ಅಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಮೇಷ್ಟ್ರುಗಳೆಲ್ಲ ಗಂಡಸರು. ಹುಡುಗಿಯರು ಒಟ್ಟು ಏಳು ಜನ. ಮಧ್ಯಾಹ್ನದ ರೊಟ್ಟಿಯನ್ನು ಹುಡುಗರೆದುರು ಬಿಚ್ಚಲು ನಾಚಿಕೆ, ಅದಕ್ಕೆ ಬಾವಿಯ ಪಕ್ಕದ ನನ್ನ ನೀರುಮನೆಗೆ ಬಂದು ತಿನ್ನುತ್ತಿದ್ದರು. ಏಳು ಗಂಟಿನ ರೊಟ್ಟಿಯನ್ನೂ ಒಟ್ಟಿಗೆ ಹಾಕಿ ಹಂಚಿಕೊಳ್ಳುವುದು ಅವರ ಪದ್ಧತಿ. ಯಾರ ಮನೆಯ ಹಸು ಕರು ಹಾಕಿತು, ಯಾರ ಅಪ್ಪ ಕುಡಿದು ಬಂದ, ಎಲ್ಲ ನನಗೆ ಗೊತ್ತಾಗುತ್ತಿತ್ತು.

ಸುದ್ದಿ ಎಂದರೆ ನಮ್ಮ ಹೆಡ್ ಮೇಷ್ಟ್ರಿಗೆ ಪ್ರಾಣ. ಬೆಂಗಳೂರಿನಿಂದ ಮೊದಲ ಬಸ್ಸಿಗೆ ಪೇಪರ್ ಬರುತ್ತಿತ್ತು. ಅವರು ಅದನ್ನು ಓದಿ ಐದು ಸಾಲು ಹೇಳುತ್ತಿದ್ದರು. ಗೇಟಿನ ಬಳಿಯ ಕರಿಹಲಗೆಯ ಮೇಲೆ ಒಬ್ಬ ಹುಡುಗಿ ಅದನ್ನು ಬರೆಯುತ್ತಿದ್ದಳು. ಸುತ್ತಲ ಹಳ್ಳಿಗಳಲ್ಲಿ ಪೇಪರ್ ಇರಲಿಲ್ಲ. ಸಂತೆಗೆ ಹೋಗುವವರು ತಲೆಯ ಮೇಲಿನ ಕುಕ್ಕೆ ಇಳಿಸಿ ನಿಂತು, ಓದಲು ಬರುವವನ ಕೈಲಿ ಓದಿಸಿಕೊಂಡು ಹೋಗುತ್ತಿದ್ದರು. ನನಗೆ ಬರುವ ನಾಲ್ಕು ಅಕ್ಷರ ಆ ಹಲಗೆಯಿಂದ ಬಂದದ್ದು. ಒರೆಸುವ ಮುಂಚೆ ಒಂದು ಸಲ ಕೂಡಿಸಿ ಓದುತ್ತಿದ್ದೆ.

ಶನಿವಾರ ಪ್ರಾರ್ಥನೆ ಆದಮೇಲೆ ಊರ ಸುದ್ದಿ. ಒಂದೊಂದು ಊರಿನಿಂದ ಒಂದೊಂದು ಮಗು ಎದ್ದು ನಿಂತು ತಮ್ಮೂರಲ್ಲಿ ಆ ವಾರ ಏನಾಯಿತೆಂದು ಹೇಳಬೇಕು. ಸಿಂಗಾಪುರದಲ್ಲಿ ಕೆರೆ ಕೋಡಿ ಬಿತ್ತು. ಚಿಕ್ಕಜಾಲದಲ್ಲಿ ಒಬ್ಬರ ಎಮ್ಮೆ ಕಳೆದಿದೆ, ಎಡಗೊಂಬು ಮುರಿದಿದೆ, ಕಂಡವರು ತಿಳಿಸಿ. ಆ ಎಮ್ಮೆ ಸಿಕ್ಕಿತು ಕೂಡ. ಹೀಗಾಗಿ ನಮ್ಮ ಸ್ಕೂಲಿನಲ್ಲಿ ಒಂದು ಮಾತು ಬಿದ್ದರೆ ಸೋಮವಾರದೊಳಗೆ ಹತ್ತು ಹಳ್ಳಿಗೆ ಮುಟ್ಟುತ್ತಿತ್ತು.

ಹಲಗೆ ಬರೆಯುತ್ತಿದ್ದ ಹುಡುಗಿ ಬಾಗಲೂರು ದಾರಿಯ ಹಳ್ಳಿಯವಳು. ಎಸ್‌ಎಸ್‌ಎಲ್‌ಸಿ ತರಗತಿ. ಅವಳ ಚಿಕ್ಕಪ್ಪನ ಮಗಳು ಎಂಟನೇ ತರಗತಿ, ಇಬ್ಬರೂ ಒಂದೇ ಮನೆಯಿಂದ ಮೂರು ಮೈಲಿ ನಡೆದು ಬರುತ್ತಿದ್ದರು. ಬೇಸಾಯದ ಮನೆ. ಜಾತಿಯಲ್ಲಿ ನಾವೂ ಅವರೂ ಒಂದೇ, ಇಲ್ಲದಿದ್ದರೆ ಮುಂದಿನ ಮಾತು ಬೇರೆಯೇ ದಾರಿ ಹಿಡಿಯುತ್ತಿತ್ತು. ಅಪ್ಪನಿಗೆ ಓದಿಸುವ ಆಸೆ, ಅಪ್ಪನ ತಾಯಿಗೆ ಇಲ್ಲ. ಆ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ದೊಡ್ಡವಳಾಗುವ ತನಕ ಹೋಗಲಿ, ಆದ ದಿನವೇ ನಿಲ್ಲಿಸಬೇಕು ಎಂದು ಹೇಳಿ ಕಳಿಸಿದ್ದಳು.

ಸಂಕ್ರಾಂತಿ ಕಳೆದಿತ್ತು. ಒಂದು ಸೋಮವಾರ ಮಧ್ಯಾಹ್ನ ಹುಡುಗಿ ಒಬ್ಬಳೇ ನೀರುಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕಾ" ಎಂದಳು. ಮುಂದೆ ಹೇಳಲಿಲ್ಲ.

ನನಗೆ ಅರ್ಥವಾಯಿತು. ಹಳೆ ಸೀರೆ ಹರಿದುಕೊಟ್ಟು, ಹೇಗೆ ಏನು ಎಂದು ಹೇಳಿಕೊಟ್ಟೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

"ಯಾರಿಗೂ ಹೇಳ್ಬೇಡಿ ಅಕ್ಕಾ. ಅಜ್ಜಿಗೆ ಗೊತ್ತಾದ್ರೆ ನಾಳೆಯಿಂದ ಕಳ್ಸಲ್ಲ. ಪರೀಕ್ಷೆಗೆ ಎರಡೇ ತಿಂಗ್ಳು."

"ದೇವರ ಮನೆಗೆ ಹೋಗು ಅಂದ್ರೆ ಏನ್ಮಾಡ್ತೀಯ?"

"ತಲೆನೋವು ಅಂತೀನಿ."

"ಮೂರು ದಿನಾನೂ ತಲೆನೋವಾ?"

"ಒಂದಿನ ತಲೆನೋವು, ಒಂದಿನ ಹೊಟ್ಟೆನೋವು, ಒಂದಿನ ಓದೋದೈತೆ."

ಆಗಲಿ ಎಂದೆ. ತಪ್ಪೋ ಸರಿಯೋ ಎಂದು ಯೋಚಿಸಲಿಲ್ಲ. ಅವಳು ಹೇಳಿದ ರೀತಿ ನನಗೆ ಹಿಡಿಸಿತು, ಅಷ್ಟೇ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು. ಇರಲಿಲ್ಲ. ನಮ್ಮಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕುತ್ತಾನೆ, ಅದರಲ್ಲಿ ಕೂರಿಸುತ್ತಾರೆ, ಮುತ್ತೈದೆಯರು ಆರತಿ ಎತ್ತುತ್ತಾರೆ. ಇದಕ್ಕೆ ಒಸಗೆ ಎನ್ನುತ್ತಾರೆ. ದಿನಾ ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿದ ಚಿಗಳಿ ತಿನ್ನಿಸುತ್ತಾರೆ. ಆಗ ಎಳ್ಳು ತಿನ್ನದಿದ್ದರೆ ಸೊಂಟ ನಿಲ್ಲುವುದಿಲ್ಲ, ಮುಂದೆ ಹೆರಿಗೆ ಕಷ್ಟ ಎಂದು ನನ್ನ ತಾಯಿ ಹೇಳುತ್ತಿದ್ದಳು. ಗುಡ್ಲು ಬೇಡ, ಆರತಿ ಬೇಡ, ಎಳ್ಳನ್ನು ಮಾತ್ರ ಬಿಡಲು ನನ್ನಿಂದ ಆಗಲಿಲ್ಲ. ಮಂಗಳವಾರ ಸಾಯಂಕಾಲ ಒರಳಲ್ಲಿ ಕುಟ್ಟಿದೆ. ಬುಧವಾರ ಮುತ್ತುಗದೆಲೆಯಲ್ಲಿ ಕಟ್ಟಿ ತಂದೆ.

"ಒಬ್ಳೇ ತಿನ್ನು" ಎಂದು ಹೇಳಿಯೇ ಕೊಟ್ಟೆ. ಏಳು ಹುಡುಗಿಯರು ಒಟ್ಟಿಗೆ ಕೂತು ತಿನ್ನುವ ಕಡೆ ಒಬ್ಬಳೇ ತಿನ್ನುವುದು ಹೇಗೆ? ಎರಡು ತಿಂದಳು, ಮಿಕ್ಕಿದ್ದು ಹಂಚಿಹೋಯಿತು. ಚಿಕ್ಕಪ್ಪನ ಮಗಳು ಒಂದರಲ್ಲಿ ಅರ್ಧ ತಿಂದು, ಇನ್ನರ್ಧವನ್ನು ಮನೆಯಲ್ಲಿದ್ದ ಪುಟ್ಟ ತಂಗಿಗೆಂದು ಚೀಲದಲ್ಲಿ ಇಟ್ಟುಕೊಂಡಳು.

ಮನೆಯಲ್ಲಿ ಅದು ಅಜ್ಜಿಯ ಕೈಗೆ ಬಿತ್ತು. ನಡೆದದ್ದನ್ನು ಆ ಚಿಕ್ಕವಳೇ ಆಮೇಲೆ ನನಗೆ ಹೇಳಿದಳು.

"ಇದೆಲ್ಲೀದಮ್ಮಿ?"

"ನೀರಕ್ಕ ಅಕ್ಕಂಗೆ ಕೊಟ್ರು."

"ಶಿವರಾತ್ರಿಗೆ ಇನ್ನೂ ಹದ್ನೈದು ದಿನ ಐತೆ. ಸುಮ್ಸುಮ್ಕೆ ಯಾರು ಚಿಗಳಿ ಕುಟ್ತಾರೆ?"

ಮುದುಕಿ ದೊಡ್ಡ ಮೊಮ್ಮಗಳನ್ನು ಕರೆದು ಕೆಳಗಿನಿಂದ ಮೇಲಿನ ತನಕ ನೋಡಿ, "ಎಷ್ಟು ದಿನ ಆಯ್ತು?" ಎಂದು ಕೇಳಿದಳಂತೆ. ಹುಡುಗಿ ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಅಜ್ಜಿ ಇನ್ನೂ ದೇವರ ಮನೆ ತೊಳೆಸುತ್ತಿದ್ದಾಗ ಚೀಲ ತೆಗೆದುಕೊಂಡು ಸ್ಕೂಲಿಗೆ ಓಡಿಬಂದಳು.

ಹಿಂದೆಯೇ ಗಾಡಿ ಬಂತು. ಹುಡುಗಿ ಹಲಗೆ ಬರೆಯುತ್ತಿದ್ದಳು. ಅಪ್ಪ ಗಾಡಿ ಹೊಡೆಯುತ್ತಿದ್ದ, ಅಜ್ಜಿ ಹಿಂದೆ ಹುಲ್ಲಿನ ಮೇಲೆ ಕೂತಿದ್ದಳು. ಇಳಿದವಳೇ ಮೊಮ್ಮಗಳ ಕಡೆ ನೋಡದೆ ಸೀದಾ ಬಾವಿಯ ಬಳಿ ಬಂದಳು.

"ಯಾವಳಮ್ಮಿ ಇಲ್ಲಿ ನೀರು ಸೇದೋಳು?"

"ನಾನೇ ಅಜ್ಜಿ."

"ನಮ್ಮನೆ ಮಗೀಗೆ ಒಸಗೆ ಮಾಡಾಕೆ ನೀನ್ಯಾವೋಳೇ? ಗುಡ್ಲು ಆಕಾಕೆ ಅವಳ ಸೋದರಮಾವ ಬದುಕವ್ನೆ. ಆರತಿ ಎತ್ತಾಕೆ ಅತ್ತೇರವ್ರೆ. ಕದ್ದು ಮುಚ್ಚಿ ನೀನೊಬ್ಳೇ ಮುಗ್ಸಿಬಿಟ್ಯಾ?"

"ಒಸಗೆ ಮಾಡಿಲ್ಲ ಅಜ್ಜಿ. ಎಳ್ಳು ಕೊಟ್ಟೆ, ಸೊಂಟಕ್ಕೆ ಬಲ ಬರ್ಲಿ ಅಂತ."

"ಸೊಂಟದ ಇಚಾರ ನಂಗೆ ಕಲಿಸ್ತೀಯಾ? ಆರು ಬಾಣಂತನ ಕಂಡೋಳು ನಾನು. ಮೇಲಾಗಿ ಗಂಡ ಸತ್ತೋಳು ನೀನು. ಮೊದಲ್ನೇ ಚಿಗಳಿ ನಿನ್ ಕೈಯಾಗೆ ತಿಂದ್ಲಲ್ಲ, ಏನಮ್ಮಿ ಅವಳ ಗತಿ?"

ಕಿಟಕಿಗಳಲ್ಲೆಲ್ಲ ಹುಡುಗರ ತಲೆಗಳು. ನನಗೂ ರೇಗಿತು.

"ನಿಮ್ಮನೇಲಿ ಚಿಗಳಿ ಕುಟ್ಟೋರು ಯಾರಜ್ಜಿ?"

"ನಾನೇ. ಇನ್ಯಾರು?"

"ತಾತ ಬದುಕವ್ರಾ?"

ಮುದುಕಿಯ ಹಣೆಯೂ ನನ್ನ ಹಣೆಯಷ್ಟೇ ಬೋಳು. ಮಗ ಬಗ್ಗಿ ನೊಗದ ಹತ್ತಿರ ಏನೋ ಹುಡುಕತೊಡಗಿದ. ನಗು ತಡೆಯಲು ಬಗ್ಗಿದ್ದ ಎಂದು ಅವನ ಬೆನ್ನೇ ಹೇಳುತ್ತಿತ್ತು.

"ಬಾಯಿ ಜೋರೈತೆ ನಿಂಗೆ" ಎಂದಳು.

"ನಿಮ್ಮಷ್ಟಿಲ್ಲ."

ಹೆಡ್ ಮೇಷ್ಟ್ರು ಬರುವ ಹೊತ್ತಿಗೆ ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿ ಆಗಿತ್ತು. "ಇಸ್ಕೂಲು ಮುಗೀತು ಸ್ವಾಮಿ. ಇದನ್ನೂ ನಿಮ್ಮ ಅಲಗೆ ಮ್ಯಾಲೆ ಬರ್ಸಿ, ಸಂತೆಗೋಗೋರು ಓದ್ಕಳ್ಳಿ" ಎಂದು ಹೇಳಿ ಹೊರಟಳು. ಹಲಗೆಯ ಮೇಲೆ ಮೂರನೇ ಸಾಲು ಅರ್ಧಕ್ಕೆ ನಿಂತಿತ್ತು.

"ನನಗೊಂದು ಮಾತು ಹೇಳಬಾರದಿತ್ತೇನಮ್ಮ?" ಎಂದರು ಹೆಡ್ ಮೇಷ್ಟ್ರು.

"ಇದನ್ನ ಗಂಡಸ್ರಿಗೆ ಹೇಳ್ತಾರಾ ಸಾರ್?"

ಅವರು ಹೋಗಿ ಅರ್ಧಕ್ಕೆ ನಿಂತ ಸಾಲನ್ನು ತಾವೇ ಮುಗಿಸಿದರು. ಸಂಸ್ಕೃತದ ಮೇಷ್ಟ್ರು ಮಾತ್ರ ಆ ಮೂರು ದಿನ ಹುಡುಗಿ ನೀರುಮನೆಯಲ್ಲಿ ಕೂತಿದ್ದಳೆಂದು ತಿಳಿದು ಮರುದಿನದಿಂದ ಮನೆಯಿಂದಲೇ ಚೊಂಬಿನಲ್ಲಿ ನೀರು ತಂದರು. ಆ ಸ್ಕೂಲು ಬಿಡುವ ತನಕ ತಂದರು. ತರಲಿ, ನನಗೆ ಅಷ್ಟು ಸೇದುವುದು ಉಳಿಯಿತು.

ಶನಿವಾರ ಊರ ಸುದ್ದಿ. ಆ ಊರಿನ ಸರದಿ ಬಂದಾಗ ಚಿಕ್ಕಪ್ಪನ ಮಗಳು ಎದ್ದು ನಿಂತಳು. ಅವಳ ಊರಲ್ಲಿ ಆ ವಾರ ಆಗಿದ್ದ ಸುದ್ದಿ ಒಂದೇ, ಅದು ಸ್ಕೂಲಿಗೆಲ್ಲ ಗೊತ್ತು. ನಾನು ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಚಿಕ್ಕವಳು ತನ್ನ ಕಾಲು ನೋಡಿಕೊಂಡು, "ನಮ್ಮೂರಲ್ಲಿ ಈ ವಾರ ಏನೂ ಆಗಿಲ್ಲ ಸಾರ್" ಎಂದಳು.

ಯಾರೂ ನಗಲಿಲ್ಲ. ಅಷ್ಟು ಹುಡುಗರಲ್ಲಿ ಒಬ್ಬನೂ ಕೆಮ್ಮಲಿಲ್ಲ. "ಒಳ್ಳೆಯದು, ಕೂತ್ಕೊ" ಎಂದರು ಹೆಡ್ ಮೇಷ್ಟ್ರು.

ಹನ್ನೊಂದು ದಿನ ಗುಡ್ಲಲ್ಲಿ ಕೂರಿಸಿ ಒಸಗೆ ಮಾಡಿದರು. ನನ್ನನ್ನು ಕರೆಯಲಿಲ್ಲ, ಕರೆಯುತ್ತಾರೆಂದು ನಾನೂ ಕಾಯಲಿಲ್ಲ. ಗುಡ್ಲಲ್ಲಿ ಕೂತವಳಿಗೆ ಕಸ ಮುಸುರೆ ಇಲ್ಲ. ಚಿಕ್ಕವಳು ಪುಸ್ತಕ ಒಯ್ದು ಕೊಟ್ಟಳು, ಇವಳು ಓದಿದಳು. ಶಿವರಾತ್ರಿ ಆಯಿತು, ಕಳಿಸಲಿಲ್ಲ. ಹೆಡ್ ಮೇಷ್ಟ್ರು ಸೈಕಲ್ ತುಳಿದುಕೊಂಡು ಹೋಗಿ ಬಂದರು. ಅಪ್ಪ "ಅಮ್ಮ ಒಪ್ಪಿದ್ರೆ ನಂದೇನಿಲ್ಲ ಸಾರ್" ಎಂದನಂತೆ. ಅಜ್ಜಿ ಒಳಗಿನಿಂದ ಮಜ್ಜಿಗೆ ಕಳಿಸಿದಳಂತೆ, ತಾನು ಹೊರಗೆ ಬರಲಿಲ್ಲವಂತೆ. ಚಿಕ್ಕಜಾಲದ ಕಡೆಯಿಂದ ಗಂಡು ನೋಡಿದ್ದಾರೆ, ಉಗಾದಿ ಆದಮೇಲೆ ಮಾತುಕತೆ ಎಂದು ಚಿಕ್ಕವಳು ಹೇಳಿದಳು.

ಪರೀಕ್ಷೆಯ ಹಾಲ್ ಟಿಕೆಟ್ ಬಂತು. ಎಲ್ಲರೂ ತೆಗೆದುಕೊಂಡು ಹೋದರು. ಇವಳದೊಂದು ಮೇಜಿನ ಮೇಲೆ ಮಸಿಬುಡ್ಡಿಯ ಕೆಳಗೆ ಉಳಿಯಿತು. ಪರೀಕ್ಷೆಯ ಹಿಂದಿನ ದಿನ ಹೆಡ್ ಮೇಷ್ಟ್ರು ಅದನ್ನು ನನ್ನ ಕೈಗೆ ಕೊಟ್ಟರು. "ನೀನೇ ಹೋಗಿ ಕೊಡಮ್ಮ. ಹರಿದುಹಾಕಿದರೆ ಹಾಕಲಿ."

ಹೋಗಬೇಕಾದವಳೂ ನಾನೇ. ಅವಳು ಚೆನ್ನಾಗಿಯೇ ಮುಚ್ಚಿಟ್ಟಿದ್ದಳು, ಕೆಡಿಸಿದವಳು ನಾನು. ಮಧ್ಯಾಹ್ನದ ಮೇಲೆ ಮೂರು ಮೈಲಿ ನಡೆದೆ. ಅಜ್ಜಿ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ನೋಡಿದಳು, ಕೇರುವುದನ್ನು ನಿಲ್ಲಿಸಲಿಲ್ಲ.

"ಇನ್ನೇನ್ ತಿನ್ಸಾಕ್ ಬಂದೆ?"

"ತಿನ್ಸೋಕ್ ಬಂದಿಲ್ಲ. ಚೀಟಿ ಕೊಡೋಕ್ ಬಂದೆ. ನಾಳೆ ಪರೀಕ್ಷೆ."

"ಪಾಸಾದ್ರೆ ಏನ್ ಮಾಡ್ತಾಳೆ?"

"ಫೇಲಾದ್ರೆ ಏನ್ ಮಾಡ್ತಾಳೋ ಅದೇ ಮಾಡ್ತಾಳೆ."

"ಮತ್ಯಾಕೆ ಬರೀಬೇಕು?"

"ಹತ್ತು ವರ್ಷ ಮಣ್ಣು ಹೊತ್ತು, ಗೋಡೆ ಎಬ್ಬಿಸಿ, ಸೂರು ಹೊದಿಸದೆ ಬಿಡ್ತೀರಾ ಅಜ್ಜಿ?"

ರಾಗಿಯ ಹೊಟ್ಟು ಹಾರಿ ನನ್ನ ಸೀರೆಯ ಮೇಲೆ ಬಿತ್ತು. ಬೇಕೆಂದೇ ನನ್ನ ಕಡೆ ತೂರಿದಳೋ ಏನೋ.

"ಮದುವೆ ನಿಲ್ಸಾಕಾಗಕಿಲ್ಲ."

"ನಿಲ್ಸಿ ಅಂತ ನಾನೂ ಹೇಳ್ತಿಲ್ಲ."

ಹುಡುಗಿ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಹಿಟ್ಟು. "ಅಜ್ಜಿ, ಬರೆದುಬಿಟ್ಟು ಬರ್ತೀನಿ. ಆಮೇಲೆ ಯಾರನ್ನ ಬೇಕಾದ್ರೂ ಕಟ್ಟು, ಕತ್ತು ಬಗ್ಗಿಸ್ತೀನಿ" ಎಂದಳು.

"ಬೆಳೆದ ಉಡುಗಿ ಆ ದಾರೀಲಿ ಗಂಡುಡುಗ್ರ ಜತೆ ನಡೀಬೇಕಾ?" ಎಂದು ಮುದುಕಿ ನನ್ನನ್ನೇ ಕೇಳಿದಳು.

"ನಾನ್ ಕರ್ಕೊಂಡ್ ಹೋಗ್ತೀನಿ."

"ದಿನಾ?"

"ಆರು ದಿನ."

"ಬೆಳಿಗ್ಗೆ ನೀನೇ ಬಂದು ಕರ್ಕೊಂಡೋಗ್ಬೇಕು. ಸಾಯಂಕಾಲ ಇದೇ ಬಾಗ್ಲಿಗೆ ತಂದು ಬಿಡ್ಬೇಕು. ಒಂದಿನ ತಪ್ಪಿದ್ರೂ ಅಲ್ಲಿಗ್ ಮುಗೀತು. ಚಿಗಳಿ ಕೊಟ್ಟೋಳು ನೀನು, ಕಾಲೂ ನೀನೇ ಸವೆಸು."

ಒಪ್ಪಿದೆ. ಹಾಲ್ ಟಿಕೆಟ್ ಹುಡುಗಿಯ ಕೈಗೆ ಕೊಡಲು ಹೋದರೆ, ಹಿಟ್ಟಿನ ಕೈ ಎಂದು ಅಜ್ಜಿಯೇ ಇಸಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಕೋಳಿ ಕೂಗುವ ಮುಂಚೆ ಎದ್ದು ಎಂಟು ಗುಡಾಣ ತುಂಬಿಟ್ಟು ಹೊರಟೆ. ಹೊತ್ತು ಮೂಡುವಾಗ ಅವರ ಬಾಗಿಲಲ್ಲಿದ್ದೆ. ಅಜ್ಜಿ ಚೀಟಿಯನ್ನೂ ಒಂದು ಬಟ್ಟೆಗಂಟನ್ನೂ ಮೊಮ್ಮಗಳ ಕೈಗೆ ಕೊಟ್ಟಳು, ನನ್ನ ಜೊತೆ ಮಾತಾಡಲಿಲ್ಲ. ಹುಡುಗಿ ದಾರಿಯುದ್ದಕ್ಕೂ ಬಾಯಲ್ಲಿ ಏನೋ ಉರು ಹೊಡೆಯುತ್ತಿದ್ದಳು, ನಾನು ಹಿಂದೆ ನಡೆದೆ. ಸ್ಕೂಲು ಮುಟ್ಟಿದ ಮೇಲೆ ಗಂಟು ಬಿಚ್ಚಿದರೆ ಅದರಲ್ಲಿ ಮೂರು ರೊಟ್ಟಿ. "ಒಂದು ನಿಮಗಂತೆ" ಎಂದು ಹೇಳಿ ಒಳಗೆ ಹೋದಳು. ನಾನು ಬಾವಿಕಟ್ಟೆಯ ಮೇಲೆ ಕೂತು ತಿಂದೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.