ತೊಟ್ಟಿಲಿಗೆ ತಿಗಣೆ ಪುಡಿ

ಗೆಳತಿಯರೇ, ಇವತ್ತು ಶಿಕಾರಿಪುರದ ನಮ್ಮ ಮನೆಯಲ್ಲಿ ಅತ್ತೆಗೂ ನನಗೂ ಜಟಾಪಟಿ. ಮಗುವಿನ ತೊಟ್ಟಿಲ ಸಂದಿಯಲ್ಲಿ ತಿಗಣೆ ಕಂಡದ್ದೇ ತಡ, ಅತ್ತೆ ಡಿಡಿಟಿ ಪುಡಿಯ ಡಬ್ಬಿ ತಂದರು. ನಾನು ಅವರ ಕೈ ಹಿಡಿದೆ.

“ಬ್ಯಾಡ್ರೀ ಅತ್ತೆ. ಪಾಪುಗೆ ಹಲ್ಲು ಬರ್ತಾ ಐತಿ, ತೊಟ್ಲನೆಲ್ಲ ಕಚ್ತೈತಿ.”

“ಊರೆಲ್ಲ ಹಾಕ್ತಾರೆ. ನಿಂದೊಂದು ಹೊಸಾದು!”

“ಹಂಗಾದ್ರೆ ಮೊದ್ಲು ನೀವು ಒಂಚೂರು ನೆಕ್ಕಿ ನೋಡ್ರಿ.”

ಅತ್ತೆ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ಡಬ್ಬಿ ಬದಿಗಿಟ್ಟು ಒಲೆಯ ಮೇಲೆ ನೀರಿಟ್ಟರು. ಇಬ್ಬರೂ ಸೇರಿ ಸಂದಿಗಳಿಗೆಲ್ಲ ಕುದಿನೀರು ಹೊಯ್ದು ತೊಟ್ಟಿಲನ್ನು ಬಿಸಿಲಿಗಿಟ್ಟೆವು. ಸಂಜೆ ಮಗು ಅದರಲ್ಲಿ ಹಾಯಾಗಿ ಮಲಗಿತು.

ಆಮೇಲೆ ಪಕ್ಕದ ಮನೆಯ ಫಾತಿಮಾಬಿಗೆ ಅತ್ತೆ ಹೇಳುತ್ತಿದ್ದರು: “ನಮ್ಮ ಸೊಸಿ ಪುಡಿ ಹಾಕ್ತೀನಿ ಅಂದ್ಲು. ನಾನೇ ಬೈದು ಬಿಡಿಸ್ದೆ!”

ನಾನು ಒಳಗೆ ತೊಟ್ಟಿಲು ತೂಗುತ್ತಲೇ ಇದ್ದೆ, ಹೊರಗೆ ಹೋಗಿ ತಿದ್ದಲಿಲ್ಲ. ಒಂದೇ ದಿನ ಅತ್ತೆಯನ್ನು ಎರಡು ಸಲ ಗೆಲ್ಲುವುದು ಸಂಸಾರಕ್ಕೆ ಒಳ್ಳೆಯದಲ್ಲ.