ಅತ್ತೆಯ ಅಡುಗೆಮನೆಯ ಬಿರುಕು

ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷ ಪ್ರಾಜೆಕ್ಟಿಗೆ ವಿಷಯ ಸಿಗದೆ ಒದ್ದಾಡುತ್ತಿದ್ದ ನನಗೆ ವಿಷಯ ಕೊಟ್ಟವರು ಅತ್ತೆ, ನನ್ನ ಅಪ್ಪನ ಅಕ್ಕ. ನಮ್ಮದು ಡೊಂಬಿವಲಿ, ಅತ್ತೆಯ ಮನೆ ಥಾಣೆಯ ನೌಪಾಡಾದಲ್ಲಿ, ನಾಲ್ಕು ಮಾಳಿಗೆಯ ಹಳೆಯ ಕಟ್ಟಡವೊಂದರ ಗ್ರೌಂಡ್ ಫ್ಲೋರಿನಲ್ಲಿ. ಉಡುಪಿಯಿಂದ ಮದುವೆಯಾಗಿ ಬಂದವರು ಅದೇ ಮನೆಯಲ್ಲಿ ಸಂಸಾರ ಮಾಡಿ, ಮಾವ ತೀರಿಕೊಂಡ ಮೇಲೆ ಅದೇ ಅಡುಗೆಮನೆಯಿಂದ ಸುತ್ತಲಿನ ಬ್ಯಾಂಕು, ಆಫೀಸಿನವರಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಿದ್ದರು. ನನ್ನ ಕಾಲೇಜು ನವಿ ಮುಂಬಯಿಯಲ್ಲಿ. ಥಾಣೆಯಲ್ಲಿ ಹೇಗೂ ಟ್ರೇನ್ ಬದಲಿಸಬೇಕು, ಹಾಗಾಗಿ ಆಗಾಗ ಅಲ್ಲಿ ಇಳಿದು ಅವರ ಕೈಯಡುಗೆ ಉಂಡೇ ಮುಂದೆ ಹೋಗುವುದು ರೂಢಿಯಾಗಿತ್ತು.

ಆ ವರ್ಷ ಪಕ್ಕದ ಕಟ್ಟಡವನ್ನು ಕೆಡವಿ ಅಲ್ಲೊಂದು ಟವರ್ ಎಬ್ಬಿಸಲು ಹೊಂಡ ತೋಡುತ್ತಿದ್ದರು. ನೆಲದ ಕೆಳಗೆ ಕಾರು ನಿಲ್ಲಿಸುವ ಜಾಗವೇ ಎರಡು ಅಂತಸ್ತು. ಅತ್ತೆಯ ಅಡುಗೆಮನೆಯ ಕಿಟಕಿಯಿಂದ ಬಗ್ಗಿದರೆ ಕಾಂಪೌಂಡ್ ಗೋಡೆ, ಅದರಾಚೆ ಬರೀ ಗಾಳಿ.

"ನೀನು ಇಂಜಿನಿಯರಲ್ವಾ, ಇಲ್ಲಿ ಬಾ ಒಮ್ಮೆ," ಎಂದು ಅತ್ತೆ ಒಂದು ದಿನ ನನ್ನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿದರು. ಕಿಟಕಿಯ ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಒಂದು ಬಿರುಕು ಇಳಿದಿತ್ತು. "ಇದು ಮೊದಲು ಇರ್ಲಿಲ್ಲ ಮಾರಾಯ್ತಿ. ಆ ಯಂತ್ರ ಗುದ್ದಲಿಕ್ಕೆ ಶುರು ಮಾಡಿದ ಮೇಲೆ ಬಂದದ್ದು. ಇದಕ್ಕೆ ಎಂತ ಅಂತ ನೋಡಿ ಹೇಳು."

ಹಾಗೆ ಶುರುವಾಯಿತು. ಹೊಂಡ ತೋಡುವಾಗ ಪಕ್ಕದ ಹಳೆಯ ಕಟ್ಟಡ ಎಷ್ಟು ಕುಸಿಯುತ್ತದೆ, ಎಷ್ಟು ವಾಲುತ್ತದೆ ಎಂದು ಅಳೆಯುವ ಪ್ರಾಜೆಕ್ಟು. ನಮ್ಮ ಗೈಡ್ ಸರ್ ಒಪ್ಪಿದರು. ನನ್ನ ಜೊತೆಗೆ ಕಲ್ಯಾಣದ ಹುಡುಗನೊಬ್ಬ ಸೇರಿಕೊಂಡ. ಮನೆಮಾತು ಮರಾಠಿ, ಮಾತು ಕಡಿಮೆ, ಕೆಲಸದಲ್ಲಿ ಚೊಕ್ಕ. ನಾವಿಬ್ಬರೂ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಅಂಟಿಸಿದೆವು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ, ಅಷ್ಟೇ ಅದರ ಉಪಾಯ. ಟೆರೇಸಿನಿಂದ ತೂಗುಗುಂಡು ಇಳಿಬಿಟ್ಟು ಕಟ್ಟಡ ವಾಲಿದೆಯೇ ಎಂದೂ ನೋಡುತ್ತಿದ್ದೆವು.

ಪಕ್ಕದ ಸೈಟ್ ಇಂಜಿನಿಯರ್ ನಮಗಿಂತ ನಾಲ್ಕೈದು ವರ್ಷ ದೊಡ್ಡವರು. ಬಿಡುವಿದ್ದಾಗ ಹೆಲ್ಮೆಟ್ ಕೊಟ್ಟು ಹೊಂಡದ ಅಂಚಿಗೆ ಕರೆದೊಯ್ದು ತೋರಿಸುತ್ತಿದ್ದರು. ಮಣ್ಣು ಜರಿಯದಂತೆ ಅಂಚಿನುದ್ದಕ್ಕೂ ನೆಲಕ್ಕೆ ಕಾಂಕ್ರೀಟ್ ಕಂಬಗಳನ್ನು ಇಳಿಸಿದ್ದರು. ಕಂಬಕ್ಕೂ ಕಂಬಕ್ಕೂ ನಡುವೆ ಸಂದು ಇತ್ತು. "ಈ ಸಂದು ಮುಚ್ಚುವುದಿಲ್ಲವೇ?" ಎಂದು ಕೇಳಿದೆ. "ಮುಚ್ಚಬೇಕು, ಮೇಲಿನವರಿಗೆ ಹೇಳಿದ್ದೇನೆ," ಎಂದರು. ಹೇಳುವಾಗ ಕಣ್ಣು ಬೇರೆ ಕಡೆ ಇತ್ತು.

ಫೆಬ್ರವರಿಯಲ್ಲಿ ಮೊದಲ ಗಾಜು ಒಡೆಯಿತು. ಓಡಿಹೋಗಿ ಅತ್ತೆಯ ಕಟ್ಟಡದ ಸೊಸೈಟಿ ಸೆಕ್ರೆಟರಿಗೆ ಹೇಳಿದೆವು. ಅವರು ಮೂರನೆಯ ಮಾಳಿಗೆಯಲ್ಲಿದ್ದರು. ನಿವೃತ್ತರು, ಇಸ್ತ್ರಿ ಹಾಕಿದ ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟದ್ದು ನಾನು ಕಂಡಿಲ್ಲ. ಮೊದಲು ನಮಗೆ ಚಹಾ ಕೊಟ್ಟು ಅನುಮತಿ ಕೊಟ್ಟವರು ಅವರೇ. ಈಗ ಬಾಗಿಲಿನಲ್ಲೇ ನಿಲ್ಲಿಸಿದರು.

"ಬೇಟಾ, ನಿಮ್ಮ ಮಾರ್ಕ್ಸಿಗೆ ಬೇಕಾದ್ದು ಬರೆದುಕೊಳ್ಳಿ. ಆದರೆ ಇದನ್ನು ಮನೆಮನೆಗೆ ಹೇಳಿಕೊಂಡು ತಿರುಗಬೇಡಿ," ಎಂದರು ಹಿಂದಿಯಲ್ಲಿ.

ಯಾಕೆಂದು ಅತ್ತೆಯಿಂದ ಗೊತ್ತಾಯಿತು. ಅವರ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟ್ ಮಾತುಕತೆಯೂ ಅದೇ ಬಿಲ್ಡರ್ ಜೊತೆ ನಡೆಯುತ್ತಿತ್ತು. ಸಹಿ ಬೀಳುವುದೊಂದೇ ಬಾಕಿ. ಕಟ್ಟಡ ಅಪಾಯದಲ್ಲಿದೆ ಎಂಬ ಗುಲ್ಲೆದ್ದರೆ ಬಿಲ್ಡರ್ ದರ ಇಳಿಸುತ್ತಾನೆ, ಇಲ್ಲವೇ ಕೈ ತೊಳೆದುಕೊಳ್ಳುತ್ತಾನೆ ಎಂದು ಸೆಕ್ರೆಟರಿಗೆ ಭಯ. ಅತ್ತೆಗೂ ಹೊಸ ಮನೆ ಬೇಕಿತ್ತು. "ಇನ್ನು ಸ್ವಲ್ಪ ದಿವಸ ಸುಮ್ಮನಿರುವಾ, ಆಗದಾ?" ಎಂದು ನನ್ನ ಮುಖ ನೋಡಿದರು.

ಗೈಡ್ ಸರ್ ಕೂಡ ಎಚ್ಚರಿಕೆಯ ಮನುಷ್ಯ. "ಒಂದು ಗಾಜಿನ ಮೇಲೆ ತೀರ್ಮಾನ ಮಾಡಬೇಡಿ. ಇನ್ನೂ ಎರಡು ಹಾಕಿ. ಕಾಲೇಜಿನ ಹೆಸರಿನಲ್ಲಿ ನಾವು ಯಾರಿಗೂ ಬರೆಯುವ ಹಾಗಿಲ್ಲ, ಇದು ವಿದ್ಯಾರ್ಥಿಗಳ ಪ್ರಾಜೆಕ್ಟ್," ಎಂದರು. ಅವರು ಹೇಳಿದ್ದು ತಪ್ಪೆಂದು ಹೇಳಲಾರೆ. ಆದರೆ ಅಂದಿನಿಂದ ಅತ್ತೆಯ ಮನೆಯಲ್ಲಿ ನನ್ನ ಕ್ರಮವೇ ಬದಲಾಯಿತು. ಒಳಗೆ ಹೋದವಳೇ ಚಪ್ಪಲಿ ಬಿಟ್ಟು ನೇರ ಗೋಡೆಯ ಹತ್ತಿರ. ಗಾಜುಗಳು ಸರಿಯಾಗಿವೆ ಎಂದು ಕಂಡ ಮೇಲೆಯೇ ಅತ್ತೆಗೆ "ಹೇಗಿದ್ದೀರಿ" ಎನ್ನುತ್ತಿದ್ದೆ. ಅವರಿಗೆ ಅದು ಅರ್ಥವಾಗಿತ್ತು. "ಮೊದಲು ಅತ್ತೆಯನ್ನು ನೋಡು, ಆಮೇಲೆ ಗೋಡೆ," ಎಂದು ನಗುತ್ತಿದ್ದರು.

ಏಪ್ರಿಲಿನಲ್ಲಿ ಒಂದು ಸಂಜೆ ಅಕಾಲದ ಮಳೆ ಬಿತ್ತು. ಸಿಡಿಲು, ಗಾಳಿ, ಡೊಂಬಿವಲಿಯಲ್ಲಿ ಕರೆಂಟ್ ಹೋಯಿತು. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗದೆ ಥಾಣೆಯಲ್ಲೇ ಇಳಿದೆ. ಜೊತೆಗಾರನಿಗೆ ಫೋನ್ ಮಾಡಿದರೆ ಅವನೂ ಆಗಲೇ ನೌಪಾಡಾದ ದಾರಿಯಲ್ಲಿದ್ದ.

ಅತ್ತೆಯ ಅಡುಗೆಮನೆಯಲ್ಲಿ ಎಂದಿನ ಗಡಿಬಿಡಿ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಸಹಾಯಕ್ಕೆ ಬರುವ ಇಬ್ಬರು ಹೆಂಗಸರು ಪಲ್ಯಕ್ಕೆ ಹೆಚ್ಚುತ್ತಿದ್ದರು. "ಈ ಬಾಗಿಲಿಗೆ ಎಂತಾಯ್ತೋ, ಬೆಳಿಗ್ಗೆಯಿಂದ ಹಾಕ್ಲಿಕ್ಕೇ ಬರುವುದಿಲ್ಲ," ಎಂದರು ಅತ್ತೆ. ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ನಿಂತಿತ್ತು. ನಾನು ಗೋಡೆ ನೋಡಿದೆ. ಹೊಸದಾಗಿ ಹಾಕಿದ ಗಾಜುಗಳೆಲ್ಲ ಒಡೆದಿದ್ದವು. ಬಿರುಕಿನಲ್ಲಿ ನನ್ನ ಕಿರುಬೆರಳಿನ ಉಗುರು ಹೋಗುವಷ್ಟು ಜಾಗ.

ಅಷ್ಟರಲ್ಲಿ ಬಂದ ಜೊತೆಗಾರ ಗೋಡೆ ನೋಡಿದವನೇ ಹೊಂಡದ ಕಡೆ ನಡೆದ. ನಾನೂ ಹಿಂದೆಯೇ ಓಡಿದೆ.

ಹೊಂಡದ ತಳದಲ್ಲಿ ಮಳೆನೀರು ನಿಂತಿತ್ತು. ಪಂಪು ಅದನ್ನು ಎಳೆದು ರಸ್ತೆಯ ಗಟಾರಕ್ಕೆ ಬಿಡುತ್ತಿತ್ತು. ಅದರಲ್ಲಿ ವಿಶೇಷವಿರಲಿಲ್ಲ. ಆದರೆ ಅತ್ತೆಯ ಮನೆಯ ಬದಿಯ ಕಂಬಗಳ ಸಂದಿನಿಂದ ಇನ್ನೊಂದು ನೀರು ಬರುತ್ತಿತ್ತು. ಅದರ ಬಣ್ಣ ಕೆಂಪು, ಚಹಾದಷ್ಟು ದಟ್ಟ. ನೀರು ತಿಳಿಯಾಗಿ ಬಂದರೆ ಬರೀ ನೀರು. ಕೆಸರಾಗಿ ಬಂದರೆ ಅದು ಒಳಗಿನ ಮಣ್ಣನ್ನೂ ಹೊತ್ತು ತರುತ್ತಿದೆ ಎಂದರ್ಥ. ಆ ಮಣ್ಣು ಬರುತ್ತಿದ್ದದ್ದು ಅತ್ತೆಯ ಒಲೆಯ ಅಡಿಯಿಂದ. ಪರೀಕ್ಷೆಯಲ್ಲಿ ಈ ವಿಷಯದ ಮೇಲೆ ನಾನು ಒಳ್ಳೆಯ ಉತ್ತರ ಬರೆದಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ಸೈಟ್ ಇಂಜಿನಿಯರ್ ಫೋನಿನಲ್ಲಿದ್ದರು. ಕೈಯಿಂದ ನಿಲ್ಲಿ ಎಂದು ಸನ್ನೆ ಮಾಡಿದರು. ನಾನು ನಿಲ್ಲಲಿಲ್ಲ.

"ಸರ್, ನೀರು ಮಣ್ಣು ತರುತ್ತಿದೆ. ಪಂಪು ಎಳೆದಷ್ಟೂ ಇನ್ನೂ ಬರುತ್ತದೆ, ನಿಲ್ಲಿಸಿ."

"ನಿಲ್ಲಿಸಿದರೆ ಹೊಂಡ ತುಂಬುತ್ತದೆ. ಇವತ್ತು ಕೆಳಗೆ ಕಾಂಕ್ರೀಟ್ ಹಾಕಬೇಕು, ಗಾಡಿ ಹೊರಟಿದೆ."

"ತುಂಬಲಿ ಸರ್. ಅಲ್ಲಿ ಒಳಗೆ ಬಾಗಿಲು ಹಾಕಲು ಬರುತ್ತಿಲ್ಲ. ಗಾಜೆಲ್ಲ ಒಡೆದಿದೆ. ನೀವೇ ಬಂದು ನೋಡಿ."

ಅವರು ಫೋನ್ ಕಿವಿಯಿಂದ ತೆಗೆದು ಆ ಸಂದಿನ ಕಡೆ ನೋಡಿದರು. ನೋಡುತ್ತಲೇ ಇದ್ದರು. ಫೋನಿನಲ್ಲಿ ಯಾರೋ ಇನ್ನೂ ಕೂಗಾಡುತ್ತಿದ್ದರು. ಅವರು ಕರೆ ಕಟ್ ಮಾಡಿ ಕೆಳಗಿದ್ದವರಿಗೆ ಕೂಗಿ ಹೇಳಿದರು: "ಎಲ್ಲರೂ ಮೇಲೆ ಬನ್ನಿ! ಪಂಪ್ ಬಂದ್!" ಆಮೇಲೆ ಮಣ್ಣು ತೋಡುವ ಪೊಕ್ಲೇನ್ ಯಂತ್ರ ನಡೆಸುವವನಿಗೆ, ಹೊರಗೆ ರಾಶಿ ಹಾಕಿದ್ದ ಮಣ್ಣನ್ನೆಲ್ಲ ಆ ಬದಿಗೆ ವಾಪಸ್ ಸುರಿಯಲು ಹೇಳಿದರು. ನನ್ನ ಕಡೆ ತಿರುಗಿ, "ನೀವು ಕಟ್ಟಡ ಖಾಲಿ ಮಾಡಿಸಿ. ಬೇಗ," ಎಂದರು.

ಸೆಕ್ರೆಟರಿ ಮೆಟ್ಟಿಲಲ್ಲೇ ಸಿಕ್ಕಿದರು. ವಿಷಯ ಕೇಳಿ ಕೈ ಅಡ್ಡ ಹಿಡಿದರು. "ಯಾರು ಹೇಳಿದ್ದು ಖಾಲಿ ಮಾಡಲು? ಕಾರ್ಪೊರೇಷನ್ನಿನವರು ಬಂದಿದ್ದಾರಾ? ನೀವು ಇನ್ನೂ ಪಾಸ್ ಆಗಿಲ್ಲ."

ಗೈಡ್ ಸರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಗಾಜು, ಬಾಗಿಲು, ಕೆಂಪು ನೀರು, ಮೂರನ್ನೂ ಒಂದೇ ಉಸಿರಿಗೆ ಹೇಳಿದೆ. ಕಾಲೇಜಿನ ಹೆಸರು ಎಲ್ಲೂ ಬರಬಾರದು ಎಂದಿದ್ದ ಮನುಷ್ಯ ಒಂದು ಕ್ಷಣವೂ ತಡೆಯಲಿಲ್ಲ. "ಎಲ್ಲರನ್ನೂ ಕೆಳಗಿಳಿಸಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ, ನಾನು ಹೇಳಿದ್ದೇನೆ ಅನ್ನಿ. ಫೈರ್ ಬ್ರಿಗೇಡಿಗೆ ನಾನೇ ಫೋನ್ ಮಾಡುತ್ತೇನೆ. ಈಗಲೇ ಹೊರಟೆ." ಸೆಕ್ರೆಟರಿಯ ಕೈ ಕೆಳಗಿಳಿಯಿತು. ಜೊತೆಗಾರ ಅವರ ಪಕ್ಕದಿಂದ ನುಸುಳಿ ಮೇಲೆ ಓಡಿದ. ಒಂದೊಂದೇ ಬಾಗಿಲು ಬಡಿಯುತ್ತ ಮರಾಠಿಯಲ್ಲಿ ಕೂಗುವುದು ಕೇಳಿಸಿತು. ಅವನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಅಂದೇ ಗೊತ್ತಾದದ್ದು.

ಎಲ್ಲರಿಗಿಂತ ಕಷ್ಟವಾದದ್ದು ಅತ್ತೆಯನ್ನು ಹೊರಡಿಸುವುದು.

"ಅನ್ನ ಬಸಿದು ಡಬ್ಬಿ ಕಟ್ಟಿ ಕಳಿಸ್ತೇನೆ, ಮತ್ತೆ ಬರ್ತೇನೆ. ಜನ ಕಾಯ್ತಾರೆ."

"ಅತ್ತೆ, ಈಗಲೇ ಹೊರಗೆ ಬನ್ನಿ."

"ಹಸಿದವರಿಗೆ ಎಂತ ಹೇಳುವುದು, ತಮ್ಮನ ಮಗಳಿಗೆ ಹೆದರಿಕೆ ಆಯ್ತು ಅಂತಲಾ?"

ಹೆಂಗಸರಿಬ್ಬರೂ ಕತ್ತಿ ಕೆಳಗಿಟ್ಟು ನನ್ನನ್ನೂ ಅವರನ್ನೂ ನೋಡುತ್ತಿದ್ದರು. ನಾನು ಹೋಗಿ ಗ್ಯಾಸ್ ಆರಿಸಿದೆ. ಅತ್ತೆ ನನ್ನ ಕೈ ತಳ್ಳಿ ಮತ್ತೆ ಹಚ್ಚಿದರು. ನಾನು ಮತ್ತೆ ಆರಿಸಿದೆ. ಹುಟ್ಟಿದಂದಿನಿಂದ ಅವರಿಗೆ ಎದುರು ಮಾತಾಡಿದವಳಲ್ಲ ನಾನು. ಅಂದು ತುಳುವಿನಲ್ಲಿ ಕಿರುಚಿದೆ, ಏನು ಕಿರುಚಿದೆನೋ ನೆನಪಿಲ್ಲ. ಅವರ ಮುಖ ಕೆಂಪಾಯಿತು. ಬಾಯಿ ತೆರೆದರು. ಅಷ್ಟರಲ್ಲಿ ಸಿಂಕಿನ ಮೇಲಿನ ಟೈಲೊಂದು ಟಪ್ಪೆಂದು ಗೋಡೆ ಬಿಟ್ಟು ಹಾರಿ ನೆಲದ ಮೇಲೆ ಚೂರಾಯಿತು. ಅದರ ಪಕ್ಕದ್ದೂ ಬಿತ್ತು.

ಅತ್ತೆ ಆ ಚೂರುಗಳನ್ನು ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡರು. "ನಡೀರಿ," ಎಂದು ಹೆಂಗಸರಿಬ್ಬರನ್ನೂ ಮುಂದೆ ತಳ್ಳಿ, ದೇವರ ಗೂಡಿನ ಕಡೆ ಒಮ್ಮೆ ಕತ್ತು ತಿರುಗಿಸಿ, ಬರಿಗಾಲಲ್ಲಿ ಹೊರಟರು.

ನಾಲ್ಕನೆಯ ಮಾಳಿಗೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜರನ್ನು ಜೊತೆಗಾರ ಮತ್ತು ಆ ಮನೆಯ ಮಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಕೊನೆಗೆ ಸೆಕ್ರೆಟರಿಯೂ ಹೆಂಡತಿಯ ಕೈ ಹಿಡಿದು ಇಳಿದು ಬಂದರು.

ಆಮೇಲೆ ನಡೆದದ್ದು ನನಗೆ ಎಲ್ಲಕ್ಕಿಂತ ಕಠಿಣವಾಗಿತ್ತು. ಏನೂ ಆಗಲಿಲ್ಲ. ಇಡೀ ಕಟ್ಟಡದ ಜನ ಎದುರಿನ ಫುಟ್‌ಪಾತಿನಲ್ಲಿ ಬಿಸಿಲಿಗೆ ನಿಂತಿದ್ದಾರೆ, ಕಟ್ಟಡ ನೆಟ್ಟಗೆ ನಿಂತಿದೆ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದೆ. ಪೊಕ್ಲೇನ್ ಮಣ್ಣು ಸುರಿಯುತ್ತಲೇ ಇತ್ತು. ಮೊದಲು ಗುಸುಗುಸು, ಆಮೇಲೆ ನೇರವಾಗಿಯೇ ಬೈಗುಳ. "ಕಾಲೇಜು ಹುಡುಗಿಯ ಮಾತು ಕೇಳಿ ಬೀದಿಗೆ ಬಂದೆವು." ಒಬ್ಬರು ಮಗುವಿನ ಹಾಲಿನ ಬಾಟಲಿ ತರುತ್ತೇನೆಂದು ಗೇಟಿನ ಕಡೆ ಹೊರಟೇಬಿಟ್ಟರು. ನಾನು ಅಡ್ಡ ನಿಂತೆ. ನನಗೇ ನನ್ನ ಮೇಲೆ ಅನುಮಾನ ಹುಟ್ಟಿತ್ತು. ತಪ್ಪು ತಿಳಿದೆನೇ? ಅತ್ತೆ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ನನ್ನ ಕಡೆ ನೋಡದೆ ಸೆರಗಿನ ಅಂಚು ಸುತ್ತುತ್ತಿದ್ದರು.

ಫೈರ್ ಬ್ರಿಗೇಡಿನ ಗಾಡಿ ಬೀದಿಯ ಮೂಲೆ ತಿರುಗಿತು. ಅದೇ ಹೊತ್ತಿಗೆ ಕಾಂಪೌಂಡ್ ಗೋಡೆ ಮಂಡಿಯೂರಿದ ಹಾಗೆ ಬಗ್ಗಿ ಹೊಂಡದೊಳಗೆ ಮಾಯವಾಯಿತು. ಅದರ ಹಿಂದೆಯೇ ಅತ್ತೆಯ ಅಡುಗೆಮನೆಯ ಹೊರಗೋಡೆ ಕಿಟಕಿ ಸಮೇತ ಕಳಚಿ ಬಿತ್ತು. ಧೂಳು ರಸ್ತೆಯವರೆಗೂ ಬಂತು. ಧೂಳು ಇಳಿದಾಗ ಕಟ್ಟಡ ನಿಂತೇ ಇತ್ತು, ಮೂರನೆಯ ಮಾಳಿಗೆಯವರೆಗೆ ಸೀಳಿಕೊಂಡು. ಒಳಗೆ ಒಲೆಯ ಮೇಲಿನ ಅನ್ನದ ಪಾತ್ರೆ ರಸ್ತೆಯಿಂದಲೇ ಕಾಣುತ್ತಿತ್ತು. ಗೇಟಿನ ಹತ್ತಿರ ನನ್ನೊಡನೆ ಜಗಳಕ್ಕೆ ನಿಂತಿದ್ದವರು ಅಲ್ಲೇ ಕುಸಿದು ಕೂತರು.

ಆ ಬದಿಗೆ ಸುರಿದ ಮಣ್ಣೇ ಕಟ್ಟಡವನ್ನು ಹಿಡಿದಿತ್ತು ಎಂದು ಗೈಡ್ ಸರ್ ಬಂದು ನೋಡಿದ ಮೇಲೆ ಹೇಳಿದರು. ಹೇಳಿದ್ದು ನಮಗಲ್ಲ, ಸೈಟ್ ಇಂಜಿನಿಯರಿಗೆ. ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೇಳಿದರು. ಮುಂದೆ ಆ ಕೆಲಸ ಅವರಿಗೆ ಉಳಿಯಲಿಲ್ಲ. ಈಗ ಬೇರೆ ಕಡೆ ಇದ್ದಾರೆ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ನಮ್ಮ ಗ್ರಾಫ್ ನೋಡಿ, "ಇದು ಅರ್ಧಕ್ಕೇ ನಿಂತಿದೆಯಲ್ಲ?" ಎಂದು ಕೇಳಿದರು. ಜೊತೆಗಾರ ನನ್ನ ಕಡೆ ನೋಡಿದ. "ಗೋಡೆ ಬಿತ್ತು ಸರ್," ಎಂದೆ. ಅವರು ಪೆನ್ನು ಕೆಳಗಿಟ್ಟು, "ಕೂತುಕೊಳ್ಳಿ, ಮೊದಲಿನಿಂದ ಹೇಳಿ," ಎಂದರು.

ಕಟ್ಟಡವನ್ನು ಆಮೇಲೆ ಕೆಡವಿದರು. ಸೆಕ್ರೆಟರಿ ಟಿಟ್ವಾಳಾದಲ್ಲಿ ಬಾಡಿಗೆಗಿದ್ದಾರೆ. ಒಮ್ಮೆ ಥಾಣೆ ಸ್ಟೇಶನ್ನಿನಲ್ಲಿ ಕಂಡಾಗ ನನ್ನ ತಲೆಯ ಮೇಲೆ ಕೈಯಿಟ್ಟು ಜನರ ನಡುವೆ ಹೋಗಿಬಿಟ್ಟರು. ಅತ್ತೆ ನಮ್ಮ ಮನೆಗೆ ಬಂದರು. ಕೆಲವು ವಾರ ನನ್ನೊಡನೆ ಸರಿಯಾಗಿ ಮಾತೇ ಇರಲಿಲ್ಲ. ಜೀವ ಉಳಿದದ್ದು ಅವರಿಗೆ ಗೊತ್ತು, ಆದರೆ ಮನೆ ಹೋದದ್ದೂ ಗೊತ್ತು. ಎರಡಕ್ಕೂ ಎದುರಿಗೆ ಸಿಗುತ್ತಿದ್ದವಳು ನಾನೊಬ್ಬಳೇ. ಈಗ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದ ಕಂಪನಿಗಳವರಿಗೆ ಅಡುಗೆ ಮಾಡುತ್ತಾರೆ, ಅಮ್ಮನ ಅಡುಗೆಮನೆ ಪೂರ್ತಿ ಅವರದ್ದೇ.

ನೌಪಾಡಾದ ಜಾಗದಲ್ಲಿ ಬೇರೊಬ್ಬ ಬಿಲ್ಡರ್ ಹೊಸ ಕಟ್ಟಡ ಎಬ್ಬಿಸುತ್ತಿದ್ದಾನೆ. ಯಾವ ಮಾಳಿಗೆ ಬೇಕೆಂದು ಕೇಳಿದಾಗ ಅತ್ತೆ ಎಲ್ಲಕ್ಕಿಂತ ಮೇಲಿನದ್ದೇ ಬೇಕೆಂದು ಹಟ ಹಿಡಿದಿದ್ದಾರೆ. ಕೆಳಗೆ ಕುಸಿದರೆ ಮೇಲಿನದ್ದೂ ಉಳಿಯುವುದಿಲ್ಲ ಎಂದು ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ.

"ಅದೆಲ್ಲ ನಿನ್ನ ಪ್ರಾಜೆಕ್ಟಿಗೆ ಸರಿ," ಎಂದರು ಅತ್ತೆ. "ನನಗೆ ಮೇಲೆಯೇ ಬೇಕು. ಗಾಳಿ ಉಂಟು."